ಓಟು ನಿಮ್ದು, ಲಿಸ್ಟ್ ಯಾರ್ದು? ಪಿಆರ್ ಪದ್ಧತಿ ಬೇಕು-ಬೇಡ ಅನ್ನೋ ಜಗಳದ ಒಳಗೆ

1977ರ ಜುಲೈನಲ್ಲಿ ಶ್ರೀಲಂಕಾದಲ್ಲಿ ಒಂದು ಚುನಾವಣೆ ನಡೀತು. ಒಟ್ಟು 168 ಸೀಟು. ಯುಎನ್‌ಪಿ ಅನ್ನೋ ಪಾರ್ಟಿಗೆ ಹತ್ತಿರತ್ತಿರ 51% ಓಟು ಬಿತ್ತು, ಸಿಕ್ಕಿದ್ದು 140 ಸೀಟು. ಅಲ್ಲೀತನಕ ಆಳ್ತಿದ್ದ ಸಿರಿಮಾವೋ ಬಂಡಾರನಾಯಕೆ ಅವರ ಎಸ್‌ಎಲ್‌ಎಫ್‌ಪಿಗೆ ಸುಮಾರು 30% ಓಟು ಬಿತ್ತು, ಸೀಟು ಎಷ್ಟು ಗೊತ್ತಾ, ಎಂಟು. ಹತ್ತರಲ್ಲಿ ಮೂರು ಜನ ಓಟು ಹಾಕಿದ ಪಾರ್ಟಿಗೆ ವಿರೋಧ ಪಕ್ಷದ ಸ್ಥಾನಾನೂ ಸಿಗ್ಲಿಲ್ಲ. ಅದು ಹೋಗಿದ್ದು ತಮಿಳರ ಟಿಯುಎಲ್‌ಎಫ್‌ಗೆ, ಅವರಿಗೆ ದೇಶದ ಲೆಕ್ಕದಲ್ಲಿ 7% ಓಟೂ ಇರ್ಲಿಲ್ಲ, ಆದ್ರೆ ಇದ್ದಷ್ಟೂ ಓಟು ಉತ್ತರ ಮತ್ತೆ ಪೂರ್ವದಲ್ಲೇ ಒಟ್ಟಾಗಿ ಬಿದ್ದಿದ್ರಿಂದ 18 ಸೀಟು ಬಂತು, ಅಮೃತಲಿಂಗಂ ವಿರೋಧ ಪಕ್ಷದ ನಾಯಕ ಆದ್ರು.

ತಮಾಷೆ ಅಂದ್ರೆ, ಇಷ್ಟು ಭರ್ಜರಿಯಾಗಿ ಗೆದ್ದ ಯುಎನ್‌ಪಿ ನಾಯಕ ಜೆ.ಆರ್. ಜಯವರ್ಧನೆ ಅವರೇ ಮಾರನೇ ವರ್ಷ ಹೊಸ ಸಂವಿಧಾನ ತಂದು, ತಮ್ಮನ್ನ ಗೆಲ್ಲಿಸಿದ ಪದ್ಧತೀನೇ (ಕ್ಷೇತ್ರದಲ್ಲಿ ಮುಂದಿದ್ದೋನೇ ಗೆದ್ದ ಅನ್ನೋದು) ಕಿತ್ತು ಹಾಕಿ ಪ್ರಮಾಣಾನುಗುಣ ಪ್ರಾತಿನಿಧ್ಯ ತಂದ್ರು, ಅಂದ್ರೆ ಪಾರ್ಟಿಗೆ ಬಿದ್ದ ಓಟಿನ ಪ್ರಮಾಣಕ್ಕೆ ತಕ್ಕಷ್ಟು ಸೀಟು ಕೊಡೋದು, ಇಂಗ್ಲಿಷಲ್ಲಿ ಚಿಕ್ಕದಾಗಿ ಪಿಆರ್. ಹತ್ತಿದ ಏಣೀನ ತಾವೇ ಒದೆಯೋರು ರಾಜಕೀಯದಲ್ಲಿ ಕಮ್ಮಿ. ಕಾರಣ ಬೇಕಂದ್ರೆ ಏಳು ವರ್ಷ ಹಿಂದೆ ಹೋಗ್ಬೇಕು. 1970ರಲ್ಲಿ ಇದೇ ಯುಎನ್‌ಪಿಗೆ 37.9% ಓಟು, ಎಸ್‌ಎಲ್‌ಎಫ್‌ಪಿಗೆ 36.9%, ಅಂದ್ರೆ ಯುಎನ್‌ಪಿಗೇ ಒಂದು ಪರ್ಸೆಂಟ್ ಜಾಸ್ತಿ. ಸೀಟು ನೋಡಿದ್ರೆ ಯುಎನ್‌ಪಿಗೆ 17, ಎಸ್‌ಎಲ್‌ಎಫ್‌ಪಿಗೆ 91. (ಎಸ್‌ಎಲ್‌ಎಫ್‌ಪಿ ಎಡಪಕ್ಷಗಳ ಜೊತೆ ಸೀಟು ಹಂಚ್ಕೊಂಡು ಕಮ್ಮಿ ಕಡೆ ನಿಂತಿತ್ತು, ಅದೂ ಒಂದು ಕಾರಣ ಅನ್ನಿ.) ಆ ಏಟು ತಿಂದವರಿಗೆ ಈ ಚಕ್ರ ಇವತ್ತು ನಮ್ಮ ಕಡೆ ತಿರುಗಿದ್ರೆ ನಾಳೆ ಆ ಕಡೆ ತಿರುಗುತ್ತೆ ಅಂತ ಚೆನ್ನಾಗೇ ಗೊತ್ತಿತ್ತು.

ಈ ಕಥೆಯಿಂದ ಯಾಕೆ ಶುರು ಮಾಡಿದೆ ಅಂದ್ರೆ, ಪಿಆರ್ ಬಗ್ಗೆ ಎಲ್ಲೇ ಚರ್ಚೆ ಆಗ್ಲಿ, ಎರಡೇ ಮಾತು ಕೇಳ್ಸುತ್ತೆ. ಒಬ್ರು "ಇದು ನ್ಯಾಯ" ಅಂತಾರೆ, ಇನ್ನೊಬ್ರು "ಸರ್ಕಾರ ನಿಲ್ಲಲ್ಲ" ಅಂತಾರೆ, ಅಲ್ಲಿಗೆ ಎರಡೂ ಕಡೆಯವರು ಕೂಗಾಡಿ ಎದ್ದು ಹೋಗ್ತಾರೆ. ನನ್ ಪ್ರಕಾರ ಜಗಳ ಅಲ್ಲಿಲ್ಲ. ಪಿಆರ್ ಅನ್ನೋದು ಒಂದು ಪದ್ಧತಿ ಅಲ್ಲ, ಅದೊಂದು ಮೂರು ನಾಲ್ಕು ತಿರುಪು ಇರೋ ಯಂತ್ರ, ಯಾವ ತಿರುಪು ಎಷ್ಟು ತಿರುಗಿಸ್ತೀರ ಅನ್ನೋದರ ಮೇಲೆ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತೆ, ಅದನ್ನ ಬಿಟ್ಟು ಬರೀ ಬೇಕಾ ಬೇಡ್ವಾ ಅಂತ ಕೇಳಿದ್ರೆ ಅರ್ಧ ಪ್ರಶ್ನೆ ಕೇಳ್ದಂಗೆ.

ಮೊದ್ಲು ಲೆಕ್ಕ ನೋಡೋಣ, ಪೇಪರ್ ಪೆನ್ನು ಇದ್ರೆ ಇನ್ನೂ ಒಳ್ಳೇದು. ಒಂದು ಕಡೆ ಹತ್ತು ಲಕ್ಷ ಓಟು ಬಿದ್ದಿದೆ ಅಂದ್ಕೊಳ್ಳಿ, ನಾಲ್ಕು ಪಾರ್ಟಿ. 'ಕ' ಪಾರ್ಟಿಗೆ 4,20,000, 'ಖ' ಪಾರ್ಟಿಗೆ 3,10,000, 'ಗ' ಪಾರ್ಟಿಗೆ 1,80,000, 'ಘ' ಪಾರ್ಟಿಗೆ 90,000. ಇದು ಒಂದೇ ಸೀಟಿನ ಕ್ಷೇತ್ರ ಆಗಿದ್ರೆ ಕಥೆ ಗೊತ್ತಲ್ಲ, 'ಕ' ಗೆಲ್ತು, ಮಿಕ್ಕ 5,80,000 ಓಟು ಮನೆಗೆ. ಈಗ ಅದೇ ಜಾಗಕ್ಕೆ ಹತ್ತು ಸೀಟು ಕೊಡಿ, ಹಂಚೋಕೆ ಡಿ'ಹಾಂಟ್ ಅನ್ನೋ ಬೆಲ್ಜಿಯಂನವನ ಸೂತ್ರ ಹಾಕಿ. ಸೂತ್ರ ಏನೂ ದೊಡ್ಡದಲ್ಲ, ಪ್ರತಿ ಪಾರ್ಟಿಯ ಓಟನ್ನ 1, 2, 3, 4 ಅಂತ ಭಾಗಿಸ್ತಾ ಹೋಗೋದು, ಬಂದ ಸಂಖ್ಯೆಗಳಲ್ಲೆಲ್ಲಾ ಅತಿ ದೊಡ್ಡ ಹತ್ತನ್ನ ಆರಿಸೋದು, ಯಾರ ಸಂಖ್ಯೆ ಎಷ್ಟಿದೆಯೋ ಅವರಿಗೆ ಅಷ್ಟು ಸೀಟು. 'ಕ' ಪಾರ್ಟಿದು 4,20,000, 2,10,000, 1,40,000, 1,05,000 ಅಂತ ನಾಲ್ಕು ಬರುತ್ತೆ, 'ಖ' ಪಾರ್ಟಿದು 3,10,000, 1,55,000, 1,03,333 ಅಂತ ಮೂರು, 'ಗ' ಪಾರ್ಟಿದು 1,80,000 ಮತ್ತೆ 90,000, 'ಘ' ಪಾರ್ಟಿದು 90,000. ಅಂದ್ರೆ 4-3-2-1. ಪರ್ಸೆಂಟೇಜಿಗೆ ಸರಿಯಾಗೇ ಹೊಂದ್ಕೊಳ್ತು.

ಈಗ ಅದೇ ಓಟು, ಅದೇ ಸೂತ್ರ, ಸೀಟು ಮಾತ್ರ ಹತ್ತರ ಬದ್ಲು ಐದು ಮಾಡಿ. 2-2-1-0. ನಾಲ್ಕನೇ ಪಾರ್ಟಿ ಮಾಯ, 31% ತಗೊಂಡೋರು 42% ತಗೊಂಡೋರಿಗೆ ಸಮ ಆಗ್ಬಿಟ್ರು. ಮೂರು ಸೀಟು ಮಾಡಿ, 2-1-0-0. 18% ಓಟು ತಗೊಂಡ ಮೂರನೇ ಪಾರ್ಟಿಗೂ ಸೊನ್ನೆ. ಒಬ್ಬ ಮತದಾರನೂ ಮನಸ್ಸು ಬದಲಾಯಿಸಿಲ್ಲ, ಒಂದು ಓಟೂ ಆ ಕಡೆ ಈ ಕಡೆ ಆಗಿಲ್ಲ, ಆದ್ರೂ ನಾಲ್ಕು ಥರದ ರಿಸಲ್ಟು. ಇದು ಮೊದಲನೇ ತಿರುಪು, ಒಂದು ಕ್ಷೇತ್ರಕ್ಕೆ ಎಷ್ಟು ಸೀಟು ಅನ್ನೋದು. ಪಿಆರ್ ತಂದಿದೀವಿ ಅಂತ ಬೋರ್ಡ್ ಹಾಕಿ, ಒಳಗೆ ಕ್ಷೇತ್ರಗಳನ್ನ ಮೂರು ಮೂರು ಸೀಟಿಗೆ ಕತ್ತರಿಸಿಬಿಟ್ರೆ ದೊಡ್ಡ ಪಾರ್ಟಿಗಳಿಗೆ ಹಳೇ ಆಟಾನೇ. ನೆದರ್‌ಲೆಂಡ್ಸ್ ಈ ತಿರುಪನ್ನ ಕೊನೇತನಕ ತಿರುಗಿಸಿದೆ, ಇಡೀ ದೇಶಾನೇ ಒಂದು ಕ್ಷೇತ್ರ, 150 ಸೀಟು, ಹಾಗಾಗಿ 2021ರಲ್ಲಿ 17 ಪಾರ್ಟಿ ಪಾರ್ಲಿಮೆಂಟಿಗೆ ಬಂದ್ವು, ಸರ್ಕಾರ ರಚನೆಗೆ 299 ದಿನ ಹಿಡೀತು.

ಎರಡನೇ ತಿರುಪು ಕಟ್-ಆಫ್. ಇಷ್ಟು ಪರ್ಸೆಂಟ್ ಓಟು ದಾಟದೇ ಇದ್ರೆ ಸೀಟೇ ಇಲ್ಲ ಅನ್ನೋ ಗೆರೆ. ಜರ್ಮನಿಯಲ್ಲಿ 5%, ನ್ಯೂಜಿಲೆಂಡ್‌ನಲ್ಲಿ 5% ಅಥವಾ ಒಂದು ಕ್ಷೇತ್ರದ ಗೆಲುವು, ನೇಪಾಳದಲ್ಲಿ 3%, ಇಸ್ರೇಲಿನಲ್ಲಿ 3.25%. ಕೇಳೋಕೆ ಸಣ್ಣ ವಿಷಯ. ಆದ್ರೆ 2025ರ ಫೆಬ್ರವರಿಯಲ್ಲಿ ಜರ್ಮನಿಯಲ್ಲಿ ಬಿಎಸ್‌ಡಬ್ಲ್ಯೂ ಅನ್ನೋ ಹೊಸ ಪಾರ್ಟಿಗೆ 4.98% ಬಂತು. ಹತ್ತು ಸಾವಿರಕ್ಕೂ ಕಮ್ಮಿ ಓಟಿನಲ್ಲಿ ಗೆರೆಯಿಂದ ಆಚೆ ಉಳೀತು, ಅವರಿಗೆ ಓಟು ಹಾಕಿದ ಸುಮಾರು 25 ಲಕ್ಷ ಜನಕ್ಕೆ ಪಾರ್ಲಿಮೆಂಟಲ್ಲಿ ಒಬ್ಬ ಮೆಂಬರ್ರೂ ಇಲ್ಲ. ಇಸ್ರೇಲಿನಲ್ಲಿ 2022ರಲ್ಲಿ ಎಡಪಂಥದ ಮೆರೆಟ್ಸ್ 3.16%ಗೆ ನಿಂತು ಹೋಯ್ತು, ಬಲದ್ ಅನ್ನೋ ಅರಬ್ ಪಾರ್ಟೀನೂ ಹಾಗೇ ಮುಗ್ಗರಿಸ್ತು, ನೆತನ್ಯಾಹು ಪರ, ವಿರೋಧ ಎರಡೂ ಬಣಗಳಿಗೆ ದೇಶದಲ್ಲಿ ಬಿದ್ದ ಓಟು ಹೆಚ್ಚೂಕಮ್ಮಿ ಸಮ ಇದ್ರೂ ನೆತನ್ಯಾಹು ಬಣಕ್ಕೆ 120ರಲ್ಲಿ 64 ಸೀಟು ಬಂತು. ಅಂದ್ರೆ ಪಿಆರ್‌ನಲ್ಲಿ ಓಟು ವೇಸ್ಟ್ ಆಗಲ್ಲ ಅನ್ನೋರು ಸ್ವಲ್ಪ ಕಮ್ಮಿ ಜೋರಾಗಿ ಹೇಳ್ಬೇಕು. ವೇಸ್ಟ್ ಆಗುತ್ತೆ, ಕಮ್ಮಿ ಆಗುತ್ತೆ ಅಷ್ಟೇ, ಮತ್ತೆ ಯಾರದು ವೇಸ್ಟ್ ಆಗ್ಬೇಕು ಅನ್ನೋದನ್ನ ಆ ಗೆರೆ ಎಳೆಯೋರು ತೀರ್ಮಾನ ಮಾಡ್ತಾರೆ. ಶ್ರೀಲಂಕಾದಲ್ಲೂ ಮೊದ್ಲು ಈ ಗೆರೆ ಜಿಲ್ಲೆಯ ಓಟಿನ ಎಂಟನೇ ಒಂದು ಭಾಗ, 12.5%. 1988ರಲ್ಲಿ 15ನೇ ತಿದ್ದುಪಡಿ ತಂದು 5%ಗೆ ಇಳಿಸಿದ್ರು, ಸಣ್ಣ ಪಾರ್ಟಿಗಳಿಗೆ ಜೀವ ಬಂದಿದ್ದೇ ಆಮೇಲೆ.

ಇಷ್ಟು ಹೇಳಿದ್ಮೇಲೂ, ಒಂದು ಕ್ಷೇತ್ರಕ್ಕೆ ಒಬ್ಬ, ಮುಂದಿದ್ದೋನು ಗೆದ್ದ ಅನ್ನೋ ಪದ್ಧತಿ ಮಾಡೋ ಅನಾಹುತದ ಮುಂದೆ ಇವೆಲ್ಲ ಸಣ್ಣವು. ಬ್ರಿಟನ್ 2024 ನೋಡಿ. ಲೇಬರ್‌ಗೆ 33.7% ಓಟು, 650ರಲ್ಲಿ 411 ಸೀಟು. ಬಲಪಂಥದ ರಿಫಾರ್ಮ್ ಯುಕೆಗೆ 14.3%, ಸೀಟು 5. ಲಿಬರಲ್ ಡೆಮಾಕ್ರಾಟ್ಸ್‌ಗೆ ಅದಕ್ಕಿಂತ ಕಮ್ಮಿ, 12.2%, ಸೀಟು 72. ಲೆಕ್ಕ ಹಾಕಿದ್ರೆ ಲೇಬರ್‌ಗೆ ಒಂದು ಸೀಟಿಗೆ ಬಿದ್ದಿದ್ದು 23-24 ಸಾವಿರ ಓಟು, ರಿಫಾರ್ಮ್‌ಗೆ ಎಂಟು ಲಕ್ಷದ ಮೇಲೆ. ರಿಫಾರ್ಮ್ ರಾಜಕೀಯ ನಿಮಗೆ ಹಿಡಿಸುತ್ತೋ ಇಲ್ವೋ ಬೇರೆ ಮಾತು, ನನಗಂತೂ ಹಿಡಿಸಲ್ಲ, ಆದ್ರೆ ಲೆಕ್ಕ ಲೆಕ್ಕಾನೇ.

ಬಾಂಗ್ಲಾದೇಶ 2001 ಇನ್ನೂ ಜೋರು. ಬಿಎನ್‌ಪಿ 41%, ಅವಾಮಿ ಲೀಗ್ 40%. ವ್ಯತ್ಯಾಸ ಒಂದು ಪರ್ಸೆಂಟ್. ಸೀಟು 193 ಮತ್ತೆ 62. ಭಾರತದಲ್ಲಿ 2014ರಲ್ಲಿ ಬಿಜೆಪಿಗೆ 31% ಓಟಿಗೆ 282 ಸೀಟು ಬಂದ್ರೆ, ಬಿಎಸ್‌ಪಿಗೆ 4% ಮೇಲೆ, ಎರಡು ಕೋಟಿಗೂ ಜಾಸ್ತಿ ಜನ ಓಟು ಹಾಕಿದ್ರು, ಸೀಟು ಸೊನ್ನೆ. ಅದೇ ಚುನಾವಣೆಯಲ್ಲಿ 3.3% ತಗೊಂಡ ಎಐಎಡಿಎಂಕೆಗೆ 37.

ಇಲ್ಲಿ ಒಂದು ವಿಷಯ ಗಮನಿಸ್ಬೇಕು, ಜನ ಸಾಮಾನ್ಯವಾಗಿ ತಪ್ಪು ತಿಳ್ಕೊಂಡಿರೋದು ಇದೇ. ಈ ಪದ್ಧತಿ ಸಣ್ಣ ಪಾರ್ಟಿಗಳನ್ನ ತುಳಿಯುತ್ತೆ ಅಂತಾರೆ, ಪೂರ್ತಿ ನಿಜ ಅಲ್ಲ, ಅದು ತುಳಿಯೋದು ಹರಡಿಕೊಂಡಿರೋ ಪಾರ್ಟಿಗಳನ್ನ. ಒಂದೇ ಕಡೆ ಗುಂಪಾಗಿರೋ ಸಣ್ಣ ಪಾರ್ಟಿಗೆ ಹಬ್ಬ. ಕೆನಡಾದಲ್ಲಿ 1993ರಲ್ಲಿ ಆಳ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಾರ್ಟಿಗೆ ದೇಶದ ಉದ್ದಗಲಕ್ಕೂ ಸೇರಿ 16% ಓಟು ಬಂತು, ಗೆದ್ದಿದ್ದು ಎರಡೇ ಎರಡು ಸೀಟು. ಕ್ವಿಬೆಕ್ ಬಿಟ್ಟು ಬೇರೆಲ್ಲೂ ನಿಲ್ಲದೇ ಇದ್ದ, ದೇಶದಿಂದಾನೇ ಬೇರೆ ಆಗ್ಬೇಕು ಅಂತಿದ್ದ ಬ್ಲಾಕ್ ಕ್ವಿಬೆಕ್ವಾಗೆ 13.5%, 54 ಸೀಟು, ಅಧಿಕೃತ ವಿರೋಧ ಪಕ್ಷ. ಇಡೀ ದೇಶಕ್ಕೆ ಮಾತಾಡೋನಿಗಿಂತ ಒಂದು ಮೂಲೆಗೆ ಮಾತಾಡೋನಿಗೆ ಬಹುಮಾನ ಜಾಸ್ತಿ ಅಂದ್ರೆ ರಾಜಕೀಯ ಯಾವ ಕಡೆ ವಾಲುತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಸರಿ, ವಿರೋಧ ಮಾಡೋರ ದೊಡ್ಡ ಅಸ್ತ್ರಕ್ಕೆ ಬರೋಣ, ಸ್ಥಿರ ಸರ್ಕಾರ. ಸಮ್ಮಿಶ್ರ ಸರ್ಕಾರ ಅಂದ್ರೆ ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗೆ, ಯಾವ ಕೆಲ್ಸಾನೂ ಆಗಲ್ಲ ಅಂತ. ಬೆಲ್ಜಿಯಂನಲ್ಲಿ 2010-11ರಲ್ಲಿ 541 ದಿನ ಸರ್ಕಾರ ರಚನೆ ಆಗ್ಲಿಲ್ಲ, ಇಸ್ರೇಲ್ 2019ರ ಏಪ್ರಿಲ್‌ನಿಂದ 2022ರ ನವೆಂಬರ್ ಒಳಗೆ ಐದು ಸಲ ಚುನಾವಣೆಗೆ ಹೋಯ್ತು. ಇವು ಸುಳ್ಳಲ್ಲ. ಆದ್ರೆ ಆರ್ಸಿ ಆರ್ಸಿ ಇವೆರಡನ್ನೇ ತೋರಿಸ್ತಾರೆ ಅನ್ನೋದು ನನ್ ತಕರಾರು. ಜರ್ಮನಿಯಲ್ಲಿ ಮರ್ಕೆಲ್ 2005ರಿಂದ 2021ರ ತನಕ, 16 ವರ್ಷ, ಒಂದು ದಿನಾನೂ ಸ್ವಂತ ಬಹುಮತ ಇಲ್ದೇ ಸಮ್ಮಿಶ್ರದಲ್ಲೇ ಆಳಿದ್ರು. ಅದೇ ಸ್ಥಿರತೆಗೆ ಹೆಸರಾದ ಬ್ರಿಟನ್‌ನಲ್ಲಿ 2019ರಲ್ಲಿ 80 ಸೀಟಿನ ಬಹುಮತ ಬಂದಿತ್ತು, 2022 ಒಂದೇ ವರ್ಷದಲ್ಲಿ ಮೂವರು ಪ್ರಧಾನಿಗಳನ್ನ ನೋಡಿದ್ರು, ಅದರಲ್ಲೊಬ್ರು ಎರಡು ತಿಂಗಳೂ ಇರ್ಲಿಲ್ಲ. ಜಗಳ ಪಾರ್ಟಿ ಪಾರ್ಟಿ ನಡುವೆ ಇಲ್ದಿದ್ರೆ ಪಾರ್ಟಿ ಒಳಗಡೆ ಇರುತ್ತೆ, ಅಷ್ಟೇ ವ್ಯತ್ಯಾಸ, ಒಳಗಡೆ ಇದ್ದಾಗ ಮತದಾರನಿಗೆ ಕಾಣ್ಸಲ್ಲ.

ವೈಮಾರ್ ಜರ್ಮನಿ (ಹಿಟ್ಲರ್‌ಗೆ ಮುಂಚಿನ ಜರ್ಮನ್ ಗಣರಾಜ್ಯ) ಉದಾಹರಣೇನೂ ಕೊಡ್ತಾರೆ, ಪಿಆರ್ ಇದ್ದಿದ್ರಿಂದಲೇ ಹಿಟ್ಲರ್ ಬಂದ ಅಂತ. ಅಲ್ಲಿ ಕಟ್-ಆಫ್ ಇರ್ಲಿಲ್ಲ, 60,000 ಓಟಿಗೆ ಒಂದು ಸೀಟು ಅನ್ನೋ ಲೆಕ್ಕ, ಹಾಗಾಗಿ 1928ರಲ್ಲಿ 2.6% ಇದ್ದಾಗ್ಲೇ ನಾಜಿಗಳಿಗೆ 12 ಸೀಟು ಸಿಕ್ಕಿ ಕಾಲಿಡೋಕೆ ಜಾಗ ಆಯ್ತು, ಇದು ನಿಜ. ಆದ್ರೆ 1932ರ ಜುಲೈನಲ್ಲಿ ಅವರಿಗೆ 37% ಬಂದಾಗ್ಲೂ ಪಿಆರ್ ಇದ್ದಿದ್ರಿಂದ 608ರಲ್ಲಿ 230 ಸೀಟಷ್ಟೇ ಸಿಕ್ತು, ಬಹುಮತ ಸಿಗ್ಲಿಲ್ಲ. ವಿರೋಧಿ ಓಟು ಅಷ್ಟು ಚೂರಾಗಿದ್ದ ದೇಶದಲ್ಲಿ ಒಂದೊಂದೇ ಸೀಟಿನ ಕ್ಷೇತ್ರ ಇದ್ದಿದ್ರೆ 37%ಗೆ ನೇರ ಬಹುಮತಾನೇ ಬಂದಿರೋದು ಅನ್ನಿಸುತ್ತೆ ನನಗೆ. ಎಂಟ್ರಿ ಸುಲಭ ಮಾಡೋದು ಪಿಆರ್, ಪೂರ್ತಿ ಮನೆ ಬಿಟ್ಟುಕೊಡೋದು ಇನ್ನೊಂದು. ಯಾವುದು ಹೆಚ್ಚು ಅಪಾಯ ಅನ್ನೋದು ಆ ಪಾರ್ಟಿ 5%ನಲ್ಲಿದೆಯೋ 35%ನಲ್ಲಿದೆಯೋ ಅನ್ನೋದರ ಮೇಲೆ ನಿಂತಿದೆ.

ಈಗ ನನಗೆ ನಿಜವಾಗ್ಲೂ ತಲೆ ತಿನ್ನೋ ವಿಷಯ, ಮೂರನೇ ತಿರುಪು. ಲಿಸ್ಟ್ ಯಾರು ಬರೀತಾರೆ?

ಪಿಆರ್‌ನಲ್ಲಿ ನೀವು ಸಾಮಾನ್ಯವಾಗಿ ಪಾರ್ಟಿಗೆ ಓಟು ಹಾಕ್ತೀರ, ಪಾರ್ಟಿ ಮೊದಲೇ ಒಂದು ಲಿಸ್ಟ್ ಕೊಟ್ಟಿರುತ್ತೆ, ಹತ್ತು ಸೀಟು ಬಂದ್ರೆ ಮೇಲಿನ ಹತ್ತು ಹೆಸರು ಒಳಗೆ. ಆ ಲಿಸ್ಟಲ್ಲಿ ಮೊದಲನೇ ಹೆಸರು ಯಾರದು ಹನ್ನೊಂದನೇದು ಯಾರದು ಅಂತ ತೀರ್ಮಾನ ಮಾಡೋನು ಯಾರೋ ಅವನೇ ರಾಜ. ಸುಮ್ನೆ ಯೋಚ್ನೆ ಮಾಡಿ, ಕ್ಷೇತ್ರದ ಪದ್ಧತಿಯಲ್ಲಿ ಟಿಕೆಟ್ ಸಿಗ್ದೇ ಇದ್ದೋನು ಸಿಟ್ಟು ಮಾಡ್ಕೊಂಡು ಪಕ್ಷೇತರನಾಗಿ ನಿಂತು ಹೈಕಮಾಂಡ್‌ಗೆ ನೀರು ಕುಡಿಸ್ಬಹುದು, ಲಿಸ್ಟ್ ಪದ್ಧತಿಯಲ್ಲಿ ಒಂಟಿ ಮನುಷ್ಯ ಏನು ಲಿಸ್ಟ್ ಕೊಡ್ತಾನೆ? ದಕ್ಷಿಣ ಆಫ್ರಿಕಾದಲ್ಲಿ 1994ರಿಂದ ಇದೇ ಸಮಸ್ಯೆ ಇತ್ತು, 400 ಸೀಟೂ ಪಾರ್ಟಿ ಲಿಸ್ಟಿಂದ, ಪಕ್ಷೇತರರಿಗೆ ದಾರೀನೇ ಇಲ್ಲ, ಕೊನೆಗೆ 2020ರಲ್ಲಿ ಸಾಂವಿಧಾನಿಕ ಕೋರ್ಟು ಇದು ತಪ್ಪು ಅಂದ್ಮೇಲೆ ಕಾನೂನು ಬದಲಾಯಿಸಿ 2024ರಲ್ಲಿ ಅವರಿಗೂ ನಿಲ್ಲೋಕೆ ಬಿಟ್ರು.

ಲಿಸ್ಟಿಂದ ಒಳ್ಳೇದು ಆಗಲ್ಲ ಅಂತಲ್ಲ. ನೇಪಾಳದಲ್ಲಿ 275 ಸೀಟಲ್ಲಿ 165 ನೇರ, 110 ಲಿಸ್ಟ್. ಲಿಸ್ಟಲ್ಲಿ ದಲಿತರು, ಜನಜಾತಿ, ಮಧೇಸಿ, ಥಾರು, ಮುಸ್ಲಿಂ ಎಲ್ಲರೂ ಇರ್ಲೇಬೇಕು, ಒಟ್ಟು ಮೂರನೇ ಒಂದು ಭಾಗ ಹೆಂಗಸರು ಇರ್ಲೇಬೇಕು. 2017ರಲ್ಲಿ ಆ 165 ನೇರ ಸೀಟಲ್ಲಿ ಗೆದ್ದ ಹೆಂಗಸರು ಎಷ್ಟು ಅಂದ್ರೆ ಬರೀ 6. ಮಿಕ್ಕವರೆಲ್ಲ ಬಂದಿದ್ದು ಲಿಸ್ಟಿಂದಾನೇ, ಲಿಸ್ಟ್ ಇಲ್ದಿದ್ರೆ ಆ ಪಾರ್ಲಿಮೆಂಟ್ ಹೇಗಿರ್ತಿತ್ತು ಅಂತ ನೀವೇ ಅಂದಾಜು ಮಾಡ್ಕೊಳ್ಳಿ. ಆದ್ರೆ ಅದೇ ನೇಪಾಳದಲ್ಲಿ ಜನ ಬೈಯೋದೂ ಅದೇ ಲಿಸ್ಟನ್ನ, ಲೀಡರ್ ಹೆಂಡ್ತಿ, ಲೀಡರ್ ಸಂಬಂಧಿ, ದುಡ್ಡಿರೋ ಕುಳ ಎಲ್ಲಾ ಹಿಂಬಾಗಿಲಿಂದ ಬರ್ತಾರೆ ಅಂತ. ಎರಡೂ ನಿಜ, ಒಂದೇ ಲಿಸ್ಟಿನ ಎರಡು ಮುಖ.

ಹಾಗಾದ್ರೆ ಲಿಸ್ಟನ್ನ ಮತದಾರರ ಕೈಗೇ ಕೊಟ್ಬಿಡಿ ಅಂತ ನೀವು ಹೇಳ್ಬಹುದು. ಶ್ರೀಲಂಕಾ ಮಾಡಿದ್ದು ಅದನ್ನೇ. ಅಲ್ಲಿನ ಬ್ಯಾಲೆಟ್ ಪೇಪರಲ್ಲಿ ಎರಡು ಭಾಗ ಇರುತ್ತೆ, ಮೇಲೆ ಪಾರ್ಟಿಗಳ ಹೆಸರು ಚಿಹ್ನೆ, ಕೆಳಗೆ ಬರೀ ನಂಬರ್‌ಗಳು. ಮೇಲೆ ಒಂದು ಪಾರ್ಟಿಗೆ ಕ್ರಾಸ್ ಹಾಕಿ, ಕೆಳಗೆ ಆ ಪಾರ್ಟಿಯ ಅಭ್ಯರ್ಥಿಗಳಲ್ಲಿ ನಿಮಗೆ ಬೇಕಾದ ಮೂರು ಜನರ ನಂಬರ್ ಮೇಲೆ ಕ್ರಾಸ್ ಹಾಕ್ಬಹುದು. ಇದಕ್ಕೆ ಅಲ್ಲಿ ಮನಾಪೆ ಅಂತಾರೆ. ಚೆನ್ನಾಗಿದೆ ಅಲ್ವಾ? ಆಗಿದ್ದೇನು ಅಂದ್ರೆ, ಅಭ್ಯರ್ಥಿಗೆ ಎದುರಾಳಿ ಇನ್ನೊಂದು ಪಾರ್ಟಿಯವನಲ್ಲ, ತನ್ನದೇ ಪಾರ್ಟಿಯ ಪಕ್ಕದ ನಂಬರಿನೋನು. ಪೋಸ್ಟರಲ್ಲಿ ಮುಖಕ್ಕಿಂತ ನಂಬರ್ ದೊಡ್ಡದು. ಇಡೀ ಜಿಲ್ಲೆ ಸುತ್ತಿ ಪ್ರಚಾರ ಮಾಡ್ಬೇಕು, ಅದಕ್ಕೆ ಸುರಿಯೋಕೆ ದುಡ್ಡು ಬೇಕು, ಹಾಗಾಗಿ ದುಡ್ಡಿದ್ದೋನು ಮುಂದೆ, ಒಂದೇ ಪಾರ್ಟಿಯ ಬೆಂಬಲಿಗರೇ ಬೀದೀಲಿ ಹೊಡೆದಾಡಿದ್ದೂ ಉಂಟು. ಬಾಗಿಲು ಮುಚ್ಚಿದ ಲಿಸ್ಟಾದ್ರೆ ಹೈಕಮಾಂಡ್ ದರ್ಬಾರು, ತೆರೆದ ಲಿಸ್ಟಾದ್ರೆ ಮನೆಯೊಳಗೇ ಕುಸ್ತಿ. ನನ್ ಓಟು ಕುಸ್ತಿ ಕಡೆಗೇ, ಯಾಕಂದ್ರೆ ಕುಸ್ತಿ ಕನಿಷ್ಠ ಜನರ ಮುಂದೆ ನಡೆಯುತ್ತೆ.

ಇನ್ನು ನಮ್ಮ ಎಂಪಿ ಅಂತ ಒಬ್ಬ ಬೇಕಲ್ಲ, ರೋಡು ಕಿತ್ತೋಯ್ತು ಅಂತ ಯಾರ ಮನೆ ಬಾಗಿಲಿಗೆ ಹೋಗೋದು ಅನ್ನೋ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ. ಅದಕ್ಕೆ ಜರ್ಮನಿ, ನ್ಯೂಜಿಲೆಂಡ್ ಹಿಡಿದ ದಾರಿ ಮಿಶ್ರ ಪದ್ಧತಿ, ಎರಡು ಓಟು, ಒಂದು ಕ್ಷೇತ್ರದ ವ್ಯಕ್ತಿಗೆ, ಇನ್ನೊಂದು ಪಾರ್ಟಿಗೆ, ಕ್ಷೇತ್ರಗಳಲ್ಲಿ ಆದ ಅನ್ಯಾಯಾನ ಲಿಸ್ಟ್ ಸೀಟಿಂದ ಸರಿದೂಗ್ಸೋದು. (ನೇಪಾಳದ್ದೂ ಮಿಶ್ರಾನೇ, ಆದ್ರೆ ಅಲ್ಲಿ ಎರಡೂ ಬೇರೆ ಬೇರೆ ಖಾತೆ, ಒಂದು ಇನ್ನೊಂದನ್ನ ಸರಿದೂಗ್ಸಲ್ಲ, ಹೆಸರು ಒಂದೇ ಆದ್ರೂ ಆಟ ಬೇರೆ.) ಸರಿದೂಗ್ಸೋಕೆ ಹೋಗಿ ಜರ್ಮನಿಯಲ್ಲಿ ಸೀಟು ಉಬ್ಬಿ ಉಬ್ಬಿ 2021ಕ್ಕೆ 736 ಆಯ್ತು, ಸಾಕಪ್ಪಾ ಅಂತ 2023ರಲ್ಲಿ 630ಕ್ಕೆ ಬೀಗ ಹಾಕಿದ್ರು. ಅದರ ಬೆಲೆ 2025ರಲ್ಲಿ ಕಾಣಿಸ್ತು, ತಂತಮ್ಮ ಕ್ಷೇತ್ರದಲ್ಲಿ ಮೊದಲನೇ ಸ್ಥಾನಕ್ಕೆ ಬಂದ 23 ಜನಕ್ಕೆ ಪಾರ್ಟಿಯ ಕೋಟಾ ಮುಗಿದಿದೆ ಅಂತ ಸೀಟೇ ಸಿಗ್ಲಿಲ್ಲ. ಗೆದ್ದಿದೀಯ, ಆದ್ರೆ ಬರ್ಬೇಡ. ಇದನ್ನ ಮತದಾರನಿಗೆ ಹೇಗೆ ವಿವರಿಸ್ತೀರೋ ನನಗಂತೂ ಗೊತ್ತಿಲ್ಲ.

ನ್ಯೂಜಿಲೆಂಡ್ ಕಥೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಹಳೇ ಪದ್ಧತಿ ಬಿಟ್ಟು ಹೊಸದಕ್ಕೆ ಜನರನ್ನ ಕೇಳಿಯೇ ಹೋದ ಅಪರೂಪದ ದೇಶ ಅದು. 1978 ಮತ್ತೆ 1981, ಎರಡು ಸಲ ಸತತವಾಗಿ ಲೇಬರ್‌ಗೆ ಓಟು ಜಾಸ್ತಿ, ಸೀಟು ಮತ್ತೆ ಸರ್ಕಾರ ನ್ಯಾಷನಲ್ ಪಾರ್ಟಿಗೆ. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನೋ ಮೂರನೇ ಪಾರ್ಟಿಗೆ 20.7% ಓಟು, 92ರಲ್ಲಿ ಎರಡು ಸೀಟು. ಲೇಬರ್ ಅಧಿಕಾರಕ್ಕೆ ಬಂದ್ಮೇಲೆ ಒಂದು ರಾಯಲ್ ಕಮಿಷನ್ ಮಾಡ್ತು, ಅದು 1986ರಲ್ಲಿ ಮಿಶ್ರ ಪದ್ಧತಿ ತನ್ನಿ ಅಂತು, ಎಲ್ಲರೂ ವರದೀನ ಕಪಾಟಿಗೆ ಸೇರಿಸಿದ್ರು. 1987ರ ಪ್ರಚಾರದಲ್ಲಿ ಪ್ರಧಾನಿ ಡೇವಿಡ್ ಲಾಂಗಿ ಟಿವಿಯಲ್ಲಿ ಜನಮತಗಣನೆ ಮಾಡ್ತೀವಿ ಅಂದ್ಬಿಟ್ರು, ನೋಟ್ಸ್ ತಪ್ಪಾಗಿ ಓದ್ಕೊಂಡು ಬಾಯಿ ಜಾರಿದ್ದು ಅಂತಾರೆ. ಬಾಯಿಂದ ಬಂದ ಮಾತು ವಾಪಸ್ ಹೋಗುತ್ತಾ? 1992ರಲ್ಲಿ ಕೇಳಿದ್ರು, ಸುಮಾರು 85% ಜನ ಬದಲಾವಣೆ ಬೇಕು ಅಂದ್ರು, 1993ರ ಕೊನೇ ಮತದಾನದಲ್ಲಿ 53.9% ಹೊಸ ಪದ್ಧತಿಗೆ ಹೂಂ ಅಂದ್ರು.

1996ರಲ್ಲಿ ಮೊದಲ ಪ್ರಯೋಗ, ಅದು ಸರಿಯಾಗಿ ಕೈ ಕೊಡ್ತು. ಯಾರಿಗೂ ಬಹುಮತ ಇಲ್ಲ, ನ್ಯೂಜಿಲೆಂಡ್ ಫಸ್ಟ್ ಅನ್ನೋ ಪಾರ್ಟಿಯ ನಾಯಕ ವಿನ್‌ಸ್ಟನ್ ಪೀಟರ್ಸ್ ಕಿಂಗ್ ಮೇಕರ್, ಎರಡು ತಿಂಗಳು ಆ ಕಡೆ ಈ ಕಡೆ ಚೌಕಾಸಿ ಮಾಡಿ ಕೊನೆಗೆ ಸೇರಿದ್ದು ಅಧಿಕಾರದಲ್ಲಿದ್ದ ನ್ಯಾಷನಲ್ ಜೊತೆ. ಆ ಸರ್ಕಾರಾನ ಕೆಳಗಿಳಿಸ್ತಾರೆ ಅಂತ ನಂಬಿ ಅವರಿಗೆ ಓಟು ಹಾಕಿದ್ದ ಎಷ್ಟೋ ಜನ ಬಾಯಿ ಬಾಯಿ ಬಡ್ಕೊಂಡ್ರು. 1998ಕ್ಕೆ ಆ ಮೈತ್ರೀನೂ ಮುರಿದುಬಿತ್ತು. ಇಲ್ಲಿಗೆ ಪಿಆರ್ ಕಥೆ ಮುಗೀತು ಅಂತ ಅಂದ್ಕೊಂಡ್ರೆ, 2011ರಲ್ಲಿ ಮತ್ತೆ ಜನರನ್ನ ಕೇಳಿದಾಗ 57.8% ಇದೇ ಇರ್ಲಿ ಅಂದ್ರು, ಮೊದಲಿಗಿಂತ ಜಾಸ್ತಿ. ಐರ್ಲೆಂಡ್ ಜನಾನೂ ಹಾಗೇ. 1959ರಲ್ಲಿ ಅಲ್ಲಿನ ಪ್ರಧಾನಿ ಡಿ ವಲೇರಾ ಒಂದೇ ದಿನ ಎರಡು ಕೇಳಿದ್ರು, ನನ್ನನ್ನ ರಾಷ್ಟ್ರಪತಿ ಮಾಡಿ, ಪಿಆರ್ ತೆಗೆದುಹಾಕಿ ಅಂತ. ಜನ ಅವರನ್ನ ರಾಷ್ಟ್ರಪತಿ ಮಾಡಿದ್ರು, ಪಿಆರ್ ಉಳಿಸ್ಕೊಂಡ್ರು. 1968ರಲ್ಲಿ ಅವರದೇ ಪಾರ್ಟಿ ಇನ್ನೊಂದು ಸಲ ಕೇಳಿ ಇನ್ನೂ ಜೋರಾಗಿ ಸೋಲ್ತು.

ಭಾರತದಲ್ಲಿ ಈ ಚರ್ಚೆ ಸಂವಿಧಾನ ಸಭೆಯಲ್ಲೇ ಆಗಿತ್ತು. 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಲೋಕಸಭೆಗೆ ಪ್ರಮಾಣಾನುಗುಣ ಪ್ರಾತಿನಿಧ್ಯ ಬೇಕು ಅಂತ ತಿದ್ದುಪಡಿ ತಂದ್ರು, ಅಂಬೇಡ್ಕರ್ ಒಪ್ಲಿಲ್ಲ. ಅವರ ವಾದ ಎರಡು: ಇಷ್ಟೊಂದು ಜನಕ್ಕೆ ಓದು ಬರಹ ಇಲ್ದಿರೋ ಕಡೆ ಇದು ನಡೆಯಲ್ಲ, ಮತ್ತೆ ಶಾಸಕಾಂಗ ಚೂರು ಚೂರಾದ್ರೆ ಸರ್ಕಾರ ನಿಲ್ಲಲ್ಲ. ಮೊದಲನೇ ಕಾರಣ ಇವತ್ತಿಗೆ ಹಳೇದಾಯ್ತು, ಎರಡನೇದು ಇನ್ನೂ ಚರ್ಚೆ ಮಾಡೋ ಹಾಗಿದೆ. ರಾಜ್ಯಸಭೆ, ರಾಷ್ಟ್ರಪತಿ ಚುನಾವಣೆಯಂಥ ಕಡೆ ಮಾತ್ರ ಏಕ ವರ್ಗಾವಣೀಯ ಮತ (ಅಭ್ಯರ್ಥಿಗಳಿಗೆ 1, 2, 3 ಅಂತ ಆದ್ಯತೆ ಬರೆಯೋ ಓಟು) ಉಳೀತು, ಅಂದ್ರೆ ಶಾಸಕರಿಗೆ ಗೊತ್ತಿರೋ ಪದ್ಧತಿ ಅದು, ಲೋಕಸಭೆ ಚುನಾವಣೆಯಲ್ಲಿ ಜನಕ್ಕೆ ಕೊಟ್ಟಿಲ್ಲ. 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಲೋಕಸಭೆಗೆ 25% ಹೆಚ್ಚುವರಿ ಸೀಟು ಸೇರಿಸಿ ಅಷ್ಟನ್ನ ಲಿಸ್ಟಿಂದ ತುಂಬೋಣ ಅಂತ ಹೇಳಿತ್ತು, ಕಪಾಟು ಅಲ್ಲೂ ಇತ್ತಲ್ಲ.

ಯಾಕೆ ಎಲ್ಲಾ ಕಡೆ ಕಪಾಟಿಗೇ ಹೋಗುತ್ತೆ ಅಂದ್ರೆ ಉತ್ತರ ಸುಲಭ, ಬದಲಾಯಿಸೋ ಅಧಿಕಾರ ಇರೋರು ಹಳೇ ಪದ್ಧತಿಯಿಂದಲೇ ಗೆದ್ದು ಬಂದೋರು. ಕೆನಡಾದಲ್ಲಿ 2015ರ ಪ್ರಚಾರದಲ್ಲಿ ಜಸ್ಟಿನ್ ಟ್ರೂಡೊ ಹಳೇ ಪದ್ಧತಿಯಲ್ಲಿ ನಡೆಯೋ ಕೊನೇ ಚುನಾವಣೆ ಇದೇ ಅಂತ ಮಾತು ಕೊಟ್ರು, ಗೆದ್ರು, 2017ರ ಫೆಬ್ರವರಿಯಲ್ಲಿ ಕೈ ಬಿಟ್ರು. ಆಮೇಲೆ 2019 ಮತ್ತೆ 2021, ಎರಡು ಸಲಾನೂ ಅವರ ಪಾರ್ಟಿಗೆ ಕನ್ಸರ್ವೇಟಿವ್‌ಗಳಿಗಿಂತ ಓಟು ಕಮ್ಮಿ, ಸೀಟು ಜಾಸ್ತಿ. ಯಾರು ತಾನೇ ಬದಲಾಯಿಸ್ತಾರೆ? ಬಾಂಗ್ಲಾದೇಶದಲ್ಲಿ 2024ರ ಆಗಸ್ಟಿನಲ್ಲಿ ಹಸೀನಾ ಸರ್ಕಾರ ಬಿದ್ಮೇಲೆ ಇದೇ ಜಗಳ ಜೋರಾಯ್ತು, ಜಮಾತ್-ಎ-ಇಸ್ಲಾಮಿ ಪಾರ್ಟಿ ಪಿಆರ್ ಬೇಕೇ ಬೇಕು ಅಂತು, ಬಿಎನ್‌ಪಿ ಬೇಡ ಅಂತು. 1991ರಲ್ಲಿ ಜಮಾತ್‌ಗೆ 12% ಓಟಿಗೆ 300ರಲ್ಲಿ 18 ಸೀಟು ಸಿಕ್ಕಿತ್ತು, ಬಿಎನ್‌ಪಿಗೆ 31%ಗೆ 140. ಈ ನಾಲ್ಕು ಅಂಕಿ ನೋಡಿದ್ರೆ ಯಾರು ಯಾವ ತತ್ವಕ್ಕೆ ಹೋರಾಡ್ತಿದಾರೆ ಅಂತ ಬೇರೆ ಹೇಳೋದು ಬೇಡ. ಕೊನೆಗೆ ಮೇಲ್ಮನೆ ಒಂದು ಮಾಡಿ 100 ಸೀಟನ್ನ ಪಿಆರ್ ಮೇಲೆ ಹಂಚೋಣ ಅನ್ನೋ ಮಧ್ಯದ ದಾರಿ ಹಿಡಿದ್ರು, ಅಲ್ಲೂ ಓಟಿನ ಪ್ರಮಾಣಾನೋ ಸೀಟಿನ ಪ್ರಮಾಣಾನೋ ಅಂತ ಮತ್ತೆ ಜಗಳ.

ಶ್ರೀಲಂಕಾಗೆ ವಾಪಸ್ ಬರ್ತೀನಿ. ಪಿಆರ್ ಬಂದ್ರೆ ಯಾರಿಗೂ ಒಬ್ಬರಿಗೇ ಮೂರನೇ ಎರಡು ಬಹುಮತ ಸಿಗಲ್ಲ ಅಂತ ಎಲ್ಲರೂ ಹೇಳ್ತಿದ್ರು. 2024ರ ನವೆಂಬರಿನಲ್ಲಿ ಎನ್‌ಪಿಪಿ ಅನ್ನೋ ಮೈತ್ರಿಕೂಟಕ್ಕೆ 61.6% ಓಟು ಬಂತು, 225ರಲ್ಲಿ 159 ಸೀಟು. ಜನ ನಿಜವಾಗ್ಲೂ ಒಂದೇ ಕಡೆ ಹೋದ್ರೆ ಪಿಆರ್ ಏನೂ ಅಡ್ಡ ನಿಲ್ಲಲ್ಲ (ಜಿಲ್ಲೆಗೊಂದು ಬೋನಸ್ ಸೀಟು ಅಲ್ಲಿ ಗೆದ್ದೋರಿಗೆ ಸಿಗುತ್ತೆ, ಅದೂ ಸ್ವಲ್ಪ ಕೈ ಹಿಡೀತು ಅನ್ನಿ). 51%ಗೆ 140 ಸೀಟು ಬರೋದಕ್ಕೂ 61.6%ಗೆ 159 ಬರೋದಕ್ಕೂ ವ್ಯತ್ಯಾಸ ಇದೆ, ಮೊದಲನೇದ್ರಲ್ಲಿ ಸೋತವರು ಪಾರ್ಲಿಮೆಂಟಿಂದಾನೇ ಹೆಚ್ಚುಕಮ್ಮಿ ಅಳಿಸಿಹೋಗಿದ್ರು.

ನನ್ನನ್ನ ಕೇಳಿದ್ರೆ ನಾನು ಮಿಶ್ರ ಪದ್ಧತಿಯ ಕಡೆ, ಸರಿದೂಗ್ಸೋ ಥರದ್ದು, 3% ಆಸುಪಾಸು ಕಟ್-ಆಫ್, ಲಿಸ್ಟ್ ತೆರೆದಿರ್ಬೇಕು, ಅದಕ್ಕಿಂತ ಮುಂಚೆ ಪಾರ್ಟಿ ಒಳಗಡೆ ನಿಯತ್ತಾಗಿ ಚುನಾವಣೆ ನಡೆಯೋ ಹಾಗೆ ಕಾನೂನು ಆಗ್ಬೇಕು. ಕೊನೇದು ಆಗ್ದೇ ಇದ್ರೆ, ಪಿಆರ್ ತರೋದಕ್ಕಿಂತ ತರದೇ ಇರೋದೇ ವಾಸಿ ಅನ್ನೋ ಅನುಮಾನ ನನಗೂ ಇದೆ, ಪಿಆರ್ ಪರ ಇರೋ ಗೆಳೆಯರು ಇದಕ್ಕೆ ನನ್ನನ್ನ ಬೈತಾರೆ, ಬೈಲಿ.

ಬ್ರಿಟನ್‌ನಲ್ಲಿ ಲೇಬರ್ ಪಾರ್ಟಿಯ 2022ರ ಸಮಾವೇಶದಲ್ಲಿ ಕಾರ್ಯಕರ್ತರು ಪಿಆರ್ ಬೇಕು ಅಂತ ನಿರ್ಣಯ ಪಾಸ್ ಮಾಡಿದ್ರು, ನಾಯಕರು ಇದು ನಮ್ಮ ಆದ್ಯತೆ ಅಲ್ಲ ಅಂದ್ರು, ಎರಡು ವರ್ಷಕ್ಕೆ 33.7%ಗೆ 411 ಸೀಟು ಗೆದ್ರು. ಅದೇ 2024ರ ಡಿಸೆಂಬರ್ 3ಕ್ಕೆ ಲಿಬರಲ್ ಡೆಮಾಕ್ರಾಟ್ ಸದಸ್ಯೆ ಸಾರಾ ಓಲ್ನಿ ಪಿಆರ್ ತರೋಕೆ ಒಂದು ಖಾಸಗಿ ಮಸೂದೆ ಮಂಡಿಸೋಕೆ ಅನುಮತಿ ಕೇಳಿದ್ರು. ಹೌದು ಅಂದೋರು 138, ಬೇಡ ಅಂದೋರು 136. ಎರಡೇ ಓಟಲ್ಲಿ ಗೆದ್ರು, ಸರ್ಕಾರ ಸಮಯ ಕೊಡ್ಲಿಲ್ಲ, ಮಸೂದೆ ಅಲ್ಲೇ ನಿಂತ್ಕೊಳ್ತು.